ತಕ್ಕಡಿಯಲ್ಲಿ ಕೂತ ಛಟಾಕಿ

ಅಂಗಡಿಯ ಮೇಲಿನ ಮನೆ,
ಶನಿವಾರ, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯೇ? ಹಿಮ್ಮಡಿ ನೋವು ಈಗ ಹೇಗಿದೆ? ಬಿಸಿನೀರಿನಲ್ಲಿ ಕಾಲಿಟ್ಟುಕೋ ಎಂದು ಕಳೆದ ಸಲವೇ ಬರೆದಿದ್ದೆ, ನೀನು ಇಟ್ಟಿರುವುದಿಲ್ಲ ಎಂದೂ ನನಗೆ ಗೊತ್ತು. ಇಡೀ ಹಾಸ್ಟೆಲಿನ ಹುಡುಗಿಯರಿಗೆ ಮೂರು ಹೊತ್ತು ಬೇಯಿಸಿ ಬಡಿಸುವ ಮಹಾತಾಯಿಗೆ ತನ್ನ ಕಾಲಿಗೆ ಒಂದು ಚೊಂಬು ನೀರು ಕಾಯಿಸಿಕೊಳ್ಳಲು ಮಾತ್ರ ಪುರುಸೊತ್ತಿಲ್ಲ. ಇರಲಿ, ನಿನ್ನನ್ನು ಬೈಯಲು ಕೂತಿಲ್ಲ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ; ಬರೆದಿದ್ದೇನೆ ಎಂದುಕೊಂಡು ಮುಂದೆ ಓದು. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ಈ ಮನೆಯಲ್ಲಿ ಗೋಡೆಗೂ ಕಿವಿ ಇದೆ ಎನ್ನೋಣವೆಂದರೆ ಗೋಡೆಯೇ ಇಲ್ಲ, ಹಲಗೆಯ ಅಡ್ಡ ಮಾತ್ರ. ಅತ್ತೆ ಆ ಕಡೆ ಮಗ್ಗುಲು ಬದಲಿಸಿದರೆ ಈ ಕಡೆ ನನಗೆ ಎಚ್ಚರವಾಗುತ್ತದೆ. ನಾನು ಇಲ್ಲಿ ನಿಟ್ಟುಸಿರು ಬಿಟ್ಟರೆ ಅಲ್ಲಿಂದ 'ಯಾಕಮ್ಮ, ಏನಾಯ್ತು?' ಎಂದು ಕೇಳುತ್ತಾರೆ. ಅದಕ್ಕೇ ಕಿಟಕಿಯ ಪಕ್ಕದ ನನ್ನ ಕೆಲಸದ ಮೇಜಿನ ಮೇಲೆ, ತಕ್ಕಡಿಯ ಡಯಲುಗಳಿಗೆ ಅಂಕಿ ಬರೆಯುತ್ತಿರುವವಳ ಹಾಗೆ ಬಗ್ಗಿ ಕೂತು ನಿನಗೆ ಬರೆಯುತ್ತಿದ್ದೇನೆ. ಎಡಗೈಯಲ್ಲಿ ಡಯಲು, ಬಲಗೈಯಲ್ಲಿ ಪೆನ್ನು.

ವಿಷಯ ಛಟಾಕಿಯದು. ನನ್ನ ಮಗಳು ಊಟ ಬಿಟ್ಟಿದ್ದಾಳೆ. ಕಡಿಮೆ ಮಾಡಿದ್ದಾಳೆ ಎಂದಲ್ಲ, ಬಿಟ್ಟೇ ಬಿಟ್ಟಿದ್ದಾಳೆ. ನೀನು ಬಂದಾಗ ನೋಡಿದ್ದೆಯಲ್ಲ, ನಿನ್ನ ತಟ್ಟೆಗೆ ಕೈ ಹಾಕಿ ಕಿತ್ತು ತಿಂದಿದ್ದಳು; 'ಇದೇನೇ ಇದು, ಬಕಾಸುರನ ತಂಗಿಯನ್ನು ಹೆತ್ತಿದ್ದೀಯ' ಎಂದು ನಕ್ಕಿದ್ದೆ. ಅದೇ ಮಗು. ಒಂದು ಬೆಳಿಗ್ಗೆ ಗಂಜಿಯ ಚಮಚ ಹಿಡಿದರೆ ತುಟಿ ಬಿಗಿದು ಮುಖ ತಿರುಗಿಸಿತು. ಹಲ್ಲು ಬರುತ್ತಿರಬೇಕು ಎಂದುಕೊಂಡೆ. ಮಧ್ಯಾಹ್ನ ಅನ್ನ ಕೊಟ್ಟರೆ ತಟ್ಟೆಯನ್ನೇ ನೂಕಿತು. ಹೊಟ್ಟೆ ಕೆಟ್ಟಿರಬೇಕು ಎಂದರು ಅತ್ತೆ. ಆಮೇಲೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬಾಳೆಹಣ್ಣು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಏನು ತಂದರೂ ಅದೇ ಬಿಗಿದ ತುಟಿ, ಅದೇ 'ಬೇಡಾ'. ಕಾಗೆ, ಗುಬ್ಬಿ, ಬಸ್ಸು, ಲಾರಿ, ವಿಮಾನ, ಎಲ್ಲವನ್ನೂ ತುತ್ತಿನ ಮೇಲೆ ಹತ್ತಿಸಿ ಕಳಿಸಿದ್ದಾಯಿತು. ಎಲ್ಲವೂ ಬಾಗಿಲ ತನಕ ಹೋಗಿ ವಾಪಸು. ಇಷ್ಟು ಪುಟ್ಟ ಬಾಯಿಗೆ ಇಷ್ಟು ದೊಡ್ಡ ಬೀಗ ಯಾರು ಹಾಕಿದರೋ ಕಾಣೆ. ನಗಬೇಡ ಅಕ್ಕಾ. ಮೊದಮೊದಲು ನಾನೂ ನಕ್ಕೆ. ಆಮೇಲೆ ಬಟ್ಟಲು ತೊಳೆಯುವಾಗ ಉಳಿದ ತುತ್ತುಗಳನ್ನು ಎಣಿಸತೊಡಗಿದೆ.

ಈ ಮನೆಯಲ್ಲಿ ಒಬ್ಬರ ಮಗು ಎಂದರೆ ಎಲ್ಲರ ಮಗು, ಆದರೆ ತಪ್ಪು ಮಾತ್ರ ಹೆತ್ತವಳದು. 'ನಾವೂ ಮಕ್ಕಳನ್ನು ಸಾಕಿದ್ದೀವಿ, ಒಂದಿನಾನೂ ಹೀಗೆ ಆಗಿರ್ಲಿಲ್ಲ' ಎಂದು ಅತ್ತೆ ಒಲೆಯ ಹತ್ತಿರ ನಿಂತು ಪಾತ್ರೆಗೆ ಹೇಳುತ್ತಾರೆ. ಪಾತ್ರೆಗೆ ಹೇಳಿದ್ದು ನನಗೆ ಎಂದು ಪಾತ್ರೆಗೂ ಗೊತ್ತು. ಕೆಟ್ಟವರಲ್ಲ ಅಕ್ಕಾ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಮಗುವಿನ ಹಿಂದೆ ಬಟ್ಟಲು ಹಿಡಿದು ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಇವರ ವಿಷಯ ಕೇಳಲೇ ಬೇಡ. ಹೆಂಡತಿಯ ಕಡೆಯೂ ಆಗಬೇಕು, ಅಮ್ಮನ ಕಡೆಯೂ ಆಗಬೇಕು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಕೆಳಗೆ ಅಂಗಡಿಗೆ ಇಳಿದುಬಿಡುತ್ತಾರೆ. 'ತಿಂತಾಳೆ ಬಿಡು, ಆದ್ರೂ ಸ್ವಲ್ಪ ನೋಡು' ಎಂದರೆ ಏನು ಅರ್ಥ ಹೇಳು. ಬಿಡಬೇಕೋ, ನೋಡಬೇಕೋ?

ಮಾವನ ಸಂಗತಿ ಬೇರೆ. ನಿನಗೆ ಗೊತ್ತಲ್ಲ, ಅವರು ತಕ್ಕಡಿ ರಿಪೇರಿಗೇ ಹುಟ್ಟಿದವರು. ಈ ಊರಿನಲ್ಲಿ ಯಾವ ಅಂಗಡಿಯ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತರೂ ಅದು ಅವರ ಕೈ. 'ಮನುಷ್ಯ ಸುಳ್ಳು ಹೇಳ್ತಾನೆ, ಮುಳ್ಳು ಸುಳ್ಳು ಹೇಳಲ್ಲ' ಎಂಬುದು ಅವರ ವೇದವಾಕ್ಯ. ಮೊಮ್ಮಗಳು ಹುಟ್ಟಿದ ವಾರವೇ ಎತ್ತಿ ನೋಡಿ 'ಇದು ಮಗುವಲ್ಲ, ಛಟಾಕು' ಎಂದಿದ್ದರು. ಸೇರು, ಪಾವು, ಅದಕ್ಕೂ ಚಿಕ್ಕ ಛಟಾಕಿನ ಕಾಲದವರು. ಆ ಹೆಸರೇ ನಿಂತುಹೋಯಿತು. ಅವರಿಗೆ ಮಗು ಊಟ ಬಿಟ್ಟಿದೆ ಎಂದು ಗೊತ್ತಾದಾಗ ಬೇರೆಯವರ ಹಾಗೆ ಕಥೆ ಹೇಳಲಿಲ್ಲ, ಹಾಡು ಹೇಳಲಿಲ್ಲ. ಅಂಗಡಿಯ ದೊಡ್ಡ ಹಿತ್ತಾಳೆ ತಟ್ಟೆಯ ತಕ್ಕಡಿಯನ್ನು ಒರೆಸಿ, ಮುಳ್ಳು ಸರಿ ಮಾಡಿ, 'ಕೂರಿಸಮ್ಮ' ಎಂದರು. ಅಂದಿನಿಂದ ಪ್ರತಿ ಊಟಕ್ಕೆ ಮೊದಲು ಒಂದು ಸಲ, ಊಟವಾದ ಮೇಲೆ ಒಂದು ಸಲ ತೂಕ. ಬಟ್ಟೆಯ ಭಾರ ಸೇರಬಾರದೆಂದು ಅಂಗಿ ಚಡ್ಡಿ ಬಿಚ್ಚಿ, ಆ ತಣ್ಣನೆಯ ತಟ್ಟೆಯ ಮೇಲೆ ಕೂರಿಸುವುದು. ಎದುರಿನ ತಟ್ಟೆಗೆ ತೂಕದ ಕಬ್ಬಿಣದ ಬಟ್ಟುಗಳು ಧಡ್ ಧಡ್ ಎಂದು ಬೀಳುವುದು. ತಟ್ಟೆ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಮಗು ನನ್ನ ಕಡೆ ಎರಡೂ ಕೈ ಚಾಚುತ್ತದೆ. ನಾನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ತೂಕ ತಪ್ಪುತ್ತದೆ.

ಮಕ್ಕಳ ಡಾಕ್ಟರಿಗೂ ತೋರಿಸಿದೆವು. ಆಕೆ ಬಾಯಿ ನೋಡಿ, ಹೊಟ್ಟೆ ಒತ್ತಿ, ಮೇಜಿನ ಮೇಲಿದ್ದ ಪೆನ್ನು ಕದಿಯಲು ಬಿಟ್ಟು, 'ಓಡಾಡ್ತಿದ್ದಾಳೆ, ಆಡ್ತಿದ್ದಾಳೆ, ಕಣ್ಣು ಮಿಂಚ್ತಿದೆ. ಈ ವಯಸ್ಸಲ್ಲಿ ಹೀಗೇನೇ. ಬಲವಂತ ಮಾಡ್ಬೇಡಿ, ತಿಂಗಳಿಗೊಂದು ಸಲ ತೂಕ ನೋಡಿದ್ರೆ ಸಾಕು' ಎಂದರು. ನನಗೆ ಆಕೆಯ ಕಾಲಿಗೆ ಬೀಳಬೇಕು ಅನ್ನಿಸಿತು. ಅಷ್ಟರಲ್ಲಿ ಮಾವ ಮೂಲೆಯಲ್ಲಿದ್ದ ಆಸ್ಪತ್ರೆಯ ತಕ್ಕಡಿಯ ಮುಂದೆ ಬಗ್ಗಿ ಕೂತಿದ್ದರು. ಜೇಬಿನಿಂದ ಬಟ್ಟು ತೆಗೆದು ಇಟ್ಟು ನೋಡಿ, 'ಡಾಕ್ಟ್ರೇ, ನಿಮ್ಮ ತಕ್ಕಡಿ ಸುಳ್ಳು ಹೇಳ್ತಿದೆ' ಎಂದರು. ಮುಗಿಯಿತು. ದಾರಿಯುದ್ದಕ್ಕೂ ಅದೇ ಮಾತು: 'ತಕ್ಕಡೀನೇ ನೆಟ್ಟಗಿಲ್ದೋರ ಮಾತು ಹೇಗಮ್ಮ ನೆಟ್ಟಗಿರತ್ತೆ?' ಜೇಬಿನಲ್ಲಿ ಬಟ್ಟು ಇಟ್ಟುಕೊಂಡು ಆಸ್ಪತ್ರೆಗೆ ಹೋಗುವ ಮನೆತನಕ್ಕೆ ನನ್ನನ್ನು ಕೊಟ್ಟಿದ್ದೀರಿ, ನೆನಪಿರಲಿ.

ಒಂದು ದಿನ ಗೊತ್ತಾಯಿತು ನನಗೆ. ಬಟ್ಟೆ ಒಣಹಾಕಿ ಕೆಳಗಿಳಿದರೆ ಮಗು ಕಾಣುತ್ತಿಲ್ಲ. ಹುಡುಕಿದರೆ ಅಂಗಡಿಯ ಕೆಲಸದ ಬೆಂಚಿನ ಕೆಳಗೆ, ಕಬ್ಬಿಣದ ಪುಡಿಯ ಮಧ್ಯೆ ಕೂತು, ಇವರು ಬೆಳಿಗ್ಗೆ ಬೀಳಿಸಿದ್ದ ಒಣ ಬ್ರೆಡ್ಡಿನ ಅಂಚನ್ನು ಕರುಕುರು ಎಂದು ಅಗಿಯುತ್ತಿದ್ದಾಳೆ! ನನ್ನನ್ನು ಕಂಡದ್ದೇ ತಡ, ಬಾಯಲ್ಲಿದ್ದದ್ದನ್ನೂ ಉಗುಳಿ, ತನ್ನ ಅಂಗಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಬಿಚ್ಚಬೇಡ ಎಂದು. ಅಕ್ಕಾ, ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಮೊದಲು ಯಾಕೆ ಊಟ ಬಿಟ್ಟಳೋ ಆ ದೇವರೇ ಬಲ್ಲ, ಡಾಕ್ಟರು ಹೇಳಿದ ಹಾಗೆ ವಯಸ್ಸೇ ಇರಬೇಕು, ತಾನಾಗಿ ಸರಿಹೋಗುತ್ತಿತ್ತೇನೋ. ಈಗ ಅವಳ ಲೆಕ್ಕದಲ್ಲಿ ಊಟ ಎಂದರೆ ತಕ್ಕಡಿ. ತಿಂದರೆ ಬತ್ತಲೆ ಮಾಡಿ ಮೇಲೆ ಕೂರಿಸುತ್ತಾರೆ. ಅವಳ ಜಾಗದಲ್ಲಿ ನಾನಿದ್ದರೂ ಬಾಯಿ ಬಿಡುತ್ತಿರಲಿಲ್ಲ.

ಅತ್ತೆಗೆ ಹೇಳಿದೆ. 'ಓಹೋ, ತೂಕ ನೋಡಿದ್ದಕ್ಕೇ ಊಟ ಬಿಟ್ಲಾ? ಊಟ ಬಿಟ್ಟಿದ್ದಕ್ಕಲ್ವಾ ತೂಕ ನೋಡಿದ್ದು?' ಎಂದರು. ಇವರಿಗೆ ಹೇಳಿದೆ. 'ಅಪ್ಪಂಗೆ ಹೇಗೆ ಹೇಳೋದೇ, ಬೇಜಾರು ಮಾಡ್ಕೋತಾರೆ' ಎಂದರು. ಮಾವನಿಗೆ ನಾನೇ ಹೇಳಿದೆ, ತಲೆ ತಗ್ಗಿಸಿ, ಡಯಲಿನ ಅಂಕಿಗೆ ಬಣ್ಣ ತುಂಬುತ್ತಾ. ಅವರು 'ತೂಕ ನೋಡ್ದೆ ಮಗು ಹೇಗಿದೆ ಅಂತ ಹೇಗಮ್ಮ ಗೊತ್ತಾಗೋದು?' ಎಂದರು. ಕೋಪದಿಂದಲ್ಲ, ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕೇಳಿದರು. ಮಗುವಿನ ಮುಖ ನೋಡಿ ಎಂದು ಬಾಯಿಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಈ ಮನೆಯಲ್ಲಿ ನುಂಗುವವಳು ನಾನೊಬ್ಬಳೇ.

ಅಷ್ಟಕ್ಕೇ ನಿಂತಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಇವರ ತಂಗಿ, ನನ್ನ ನಾದಿನಿ, ತನ್ನ ಊರಿನಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಮನೆ ನಡೆಸುತ್ತಾಳಲ್ಲ, ಅವಳ ಕಿವಿಗೆ ಸುದ್ದಿ ಬಿತ್ತು. ಅಲ್ಲಿ ಗಂಟೆ ಹೊಡೆದರೆ ಮಕ್ಕಳೆಲ್ಲ ಒಟ್ಟಿಗೆ ಬಾಯಿ ತೆರೆಯುತ್ತವಂತೆ. 'ನನ್ನ ಹತ್ರ ಬಿಡಿ, ತಟ್ಟೆ ನೆಕ್ಕೋ ಹಾಗೆ ಮಾಡಿ ಕಳಿಸ್ತೀನಿ. ಆದ್ರೆ ತಾಯಿ ಜೊತೇಲಿ ಬರೋದು ಬೇಡ, ತಾಯಿ ಇದ್ರೆ ಮಗು ಹಟ ಬಿಡಲ್ಲ' ಎಂದು ಹೇಳಿ ಕಳಿಸಿದಳು. ಎಷ್ಟು ದಿನಕ್ಕೆ ಎಂದರೆ 'ತಿನ್ನೋವರೆಗೆ'. ಅತ್ತೆ ಅತ್ತರು, ಆದರೂ ಹ್ಞೂಂ ಎಂದರು. ಇವರು ನನ್ನ ಮುಖವನ್ನೂ ಅವರ ಮುಖವನ್ನೂ ನೋಡಿ ನೆಲ ನೋಡಿದರು. ಮಾವ ತೀರ್ಪು ಕೊಟ್ಟರು: ಶನಿವಾರ ಮಗಳು ಬರುತ್ತಾಳೆ, ಅವಳ ಎದುರಿಗೇ ತೂಗೋಣ. ಇವತ್ತು ಬರೆದಿಟ್ಟ ತೂಕಕ್ಕಿಂತ ಏರಿದ್ದರೆ ಮಗು ಇಲ್ಲೇ ಇರಲಿ, ಇಲ್ಲದಿದ್ದರೆ ಅವಳ ಜೊತೆ ಹೋಗಲಿ. ಅತ್ತ ದರಿ, ಇತ್ತ ಪುಲಿ. ಮಗು ಉಳಿಯಬೇಕಾದರೆ ತೂಕ ಏರಬೇಕು, ತೂಕ ಏರಬೇಕಾದರೆ ತೂಕ ನೋಡುವುದು ನಿಲ್ಲಬೇಕು. ಇದನ್ನು ಯಾರಿಗೆ ಹೇಳಲಿ? ಅಡುಗೆಮನೆಯಿಂದ ಮೇಜಿಗೆ, ಮೇಜಿನಿಂದ ಮೆಟ್ಟಿಲಿಗೆ, ಬೋನಿಗೆ ಬಿದ್ದ ಇಲಿಯ ಹಾಗೆ ಸುತ್ತಿದೆ. ನನ್ನ ಮಗು ನನ್ನದಲ್ಲದ ಮನೆಯಲ್ಲಿ ಗಂಟೆಯ ಸದ್ದಿಗೆ ಬಾಯಿ ತೆರೆಯುವುದು ಕಣ್ಣಿಗೆ ಕಟ್ಟಿತು.

ಈಗ ಹೇಳುವುದನ್ನು ಓದಿ ಕಾಗದವನ್ನು ಒಲೆಗೆ ಹಾಕು. ಸೋಮವಾರ ಮಧ್ಯಾಹ್ನ ಅಪ್ಪ ಮಗ ಇಬ್ಬರೂ ಧಾನ್ಯದ ಮಂಡಿಯ ತಕ್ಕಡಿ ನೋಡಲು ಹೋಗಿದ್ದರು. ಅತ್ತೆ ಮಗುವನ್ನು ಪಕ್ಕಕ್ಕೆ ಹಾಕಿಕೊಂಡು ನಿದ್ದೆ ಹೋಗಿದ್ದರು. ನಾನು ಕೆಳಗಿಳಿದು ಮಗುವನ್ನು ತೂಗುವ ಐದು ಕಿಲೋ ಬಟ್ಟನ್ನು ತೆಗೆದುಕೊಂಡೆ. ಕಬ್ಬಿಣದ ಬಟ್ಟಿನ ಅಡಿಯಲ್ಲಿ ಒಂದು ಗುಳಿ ಇರುತ್ತದೆ. ತೂಕ ಸರಿಮಾಡಲು ಅದಕ್ಕೆ ಸೀಸ ತುಂಬಿರುತ್ತಾರೆ. ಕಳ್ಳ ವ್ಯಾಪಾರಿಗಳು ಆ ಸೀಸವನ್ನು ಕೆತ್ತಿ ತೆಗೆಯುತ್ತಾರೆ. ಬಟ್ಟು ಹಗುರಾದರೆ ಎದುರಿನ ತಟ್ಟೆಯಲ್ಲಿರುವುದು ಭಾರ ಕಾಣುತ್ತದೆ, ಅಷ್ಟೇ ವಿದ್ಯೆ. ಅಂಥ ಬಟ್ಟು ತಂದವನೊಬ್ಬನನ್ನು ಮಾವ ಬೀದಿಯ ಕೊನೆಯವರೆಗೂ ಬೈಯುತ್ತಾ ಅಟ್ಟಿಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಮನೆಯ ಸೊಸೆ ನಾನು ಉಳಿ ಹಿಡಿದು ಸೀಸ ಕೆತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದಿತು. ಗುಳಿಗೆ ಮೇಣದಬತ್ತಿಯ ಮೇಣ ತುಂಬಿ, ಮೇಲೆ ನನ್ನ ಅಂಕಿಯ ಕಪ್ಪು ಬಣ್ಣ ಬಳಿದೆ. ಕೆತ್ತಿದ ಸೀಸವನ್ನು ಬಣ್ಣದ ಡಬ್ಬಿಯಲ್ಲಿ ಮುಳುಗಿಸಿದೆ. ಉಳಿಯನ್ನು ಒರೆಸಿ ಇದ್ದ ಜಾಗದಲ್ಲೇ ಇಟ್ಟು ಮೇಲೆ ಬಂದೆ.

ಸಂಜೆ ತೂಕಕ್ಕೆ ಕೂರಿಸಿದರು. ಮಾವ ಬಟ್ಟುಗಳನ್ನು ಇಟ್ಟರು, ತೆಗೆದರು, ಮತ್ತೆ ಇಟ್ಟರು. ಐದು ಕಿಲೋ ಬಟ್ಟನ್ನು ಕೈಯಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಹಿಡಿದಿದ್ದಾರೇನೋ ಅನ್ನಿಸಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ, ನನಗೆ ಅವರು ಕೆಮ್ಮಿದರೂ ಪೊಲೀಸಿನ ಸೀಟಿ ಕೇಳಿಸುತ್ತಿತ್ತು. ಕೊನೆಗೆ ಕನ್ನಡಕ ಮೇಲೇರಿಸಿ, 'ಹ್ಞೂಂ, ಏರಿದೆ' ಎಂದರು. ಅತ್ತೆ ಮಗುವನ್ನು ಎತ್ತಿ ಮುದ್ದಾಡಿದರು. ಮಾವ ತಕ್ಕಡಿಗೆ ಬಟ್ಟೆ ಮುಚ್ಚಿ, 'ಇನ್ನು ದಿನಾ ಕೂರಿಸೋದು ಬೇಡ. ಶನಿವಾರ ಒಂದೇ ಸಲ ನೋಡಿದ್ರಾಯ್ತು' ಎಂದು ಕೈ ತೊಳೆಯಲು ಹೋದರು. ನಂಬುತ್ತೀಯಾ, ಮಂಗಳವಾರವೆಲ್ಲ ಮಗು ನಮ್ಮನ್ನು ಅನುಮಾನದಿಂದ ನೋಡಿತು. ಬುಧವಾರ ಬೆಂಚಿನ ಕೆಳಗೆ ಕೂತು ಒಂದು ತುಂಡು ಬಾಳೆಹಣ್ಣು ತಿಂದಿತು. ನಾನು ಅತ್ತ ನೋಡದೆ ನೆಲ ಒರೆಸಿದೆ. ನಿನ್ನೆ ಇವರ ತಟ್ಟೆಯಿಂದ ಅನ್ನ ಕಿತ್ತಿತು! ಇವರು ಕೂಗುವುದರಲ್ಲಿದ್ದರು, ನಾನು ಕಾಲು ತುಳಿದೆ. ಹಳೆಯ ಬಕಾಸುರಿ ಇನ್ನೂ ವಾಪಸು ಬಂದಿಲ್ಲ, ಆದರೆ ಬೀಗ ತೆರೆದಿದೆ.

ಹಾಗಾದರೆ ಸುಖವಾಗಿದ್ದೇನೆ ಎಂದುಕೊಂಡೆಯಾ? ಇಲ್ಲ ಕಣೇ. ನಾಲ್ಕು ತುತ್ತು ತಿಂದ ಮಾತ್ರಕ್ಕೆ ನಾಲ್ಕು ದಿನದಲ್ಲಿ ತೂಕ ಏರುವುದಿಲ್ಲ. ಆ ಸುಳ್ಳು ಬಟ್ಟು ಇವತ್ತೂ ಬೇಕು. ಮತ್ತೆ ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಯಿತು, ಬ್ರಷ್ಷು ಬಾಯಲ್ಲೇ ನಿಂತಿತು: ನಾದಿನಿ ಈ ಅಂಗಡಿಯಲ್ಲೇ ಬೆಳೆದ ಹುಡುಗಿ. ಬಟ್ಟು ಕೈಗೆ ಬಂದರೆ ಮೊದಲು ತಿರುಗಿಸಿ ಅಡಿ ನೋಡಿಯೇ ಇಡುವವಳು. ನಾವು ಚಪ್ಪಲಿ ಬಿಟ್ಟು ಒಳಗೆ ಬರುವ ಹಾಗೆ ಅವಳಿಗೆ ಅದು ಅಭ್ಯಾಸ. ಉಗುರು ತಾಗಿದರೆ ಸಾಕು, ನನ್ನ ಮೇಣ ಎದ್ದು ಬರುತ್ತದೆ. ಇಳಿದು ಹೋಗಿ ಏನಾದರೂ ಮಾಡೋಣವೆಂದರೆ ಮಾವ ಬೆಳಗಿನಿಂದ ಅಂಗಡಿ ಬಿಟ್ಟು ಕದಲಿಲ್ಲ. ಕಾಫಿಯನ್ನೂ ಅಲ್ಲಿಗೇ ತರಿಸಿಕೊಂಡರು. ಸಿಕ್ಕಿಬಿದ್ದರೆ ಮಗುವಷ್ಟೇ ಹೋಗುವುದಿಲ್ಲ. ಈ ಮನೆಯಲ್ಲಿ ಕಳ್ಳ ಬಟ್ಟು ಮಾಡಿದವಳಿಗೆ ಯಾವ ಮುಖ? ಮಾವನ ಎದುರಿಗೆ ಮತ್ತೆ ಹೇಗೆ ಬಡಿಸಲಿ?

ಅದಕ್ಕೇ ನಿನ್ನ ಸಹಾಯ ಬೇಕು. ಕಾಗದ ಕೈ ಸೇರಿದ ಕೂಡಲೇ ಮಾವನಿಗೆ ಒಂದು ಕಾಗದ ಹಾಕು. ಹಿಮ್ಮಡಿ ಊದಿಕೊಂಡಿದೆ, ನಡೆಯಲು ಆಗುತ್ತಿಲ್ಲ, ತಂಗಿಯನ್ನೂ ಮಗುವನ್ನೂ ಒಂದಷ್ಟು ದಿನ ಕಳಿಸಿಕೊಡಿ ಎಂದು. ಮಗು ನಾದಿನಿಯ ಮನೆ ಸೇರಿದ್ದರೂ ದೊಡ್ಡಮ್ಮ ನೋಡಬೇಕಂತೆ ಎಂದು ಹಟ ಹಿಡಿದು ವಾಪಸು ತರಿಸುತ್ತೇನೆ. ನಿನ್ನ ಹಾಸ್ಟೆಲಿನ ಅಡುಗೆಮನೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಬಿದ್ದಿರುತ್ತೇವೆ. ಸುಳ್ಳು ಬರೆಯಲು ನಿನಗೆ ಕಷ್ಟ ಎಂದು ಗೊತ್ತು. ನಿನ್ನ ತಂಗಿ ಅದಕ್ಕಿಂತ ಭಾರದ ಸುಳ್ಳು ಮಾಡಿ ಕೂತಿದ್ದಾಳೆ, ನೀನು ಇಷ್ಟು ಮಾಡು. ಕೆಳಗೆ ಗಾಡಿ ನಿಂತ ಸದ್ದಾಯಿತು. ಅವಳೇ ಇರಬೇಕು. ಹಾಸ್ಟೆಲಿನ ಹುಡುಗಿಯರನ್ನೆಲ್ಲ ಕೇಳಿದೆನೆಂದು ಹೇಳು. ಕಾಲು ಬಿಸಿನೀರಿನಲ್ಲಿಡು, ನನ್ನಾಣೆ. ದೂರದಿಂದಲೇ ನಿನ್ನ ಕಾಲಿಗೊಂದು ನಮಸ್ಕಾರ. ಛಟಾಕಿಯ ಲೆಕ್ಕದಲ್ಲಿ ಒಂದು ಎಂಜಲು ಮುತ್ತು.

ಇಂತು ನಿನ್ನ
ಬಾಲಂಗೋಚಿ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಕಿತ್ತು ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಕ್ಷಮಿಸು. ಅವಳು ಬಂದಳು. ನೀರು ಕುಡಿದಳು, 'ಎಲ್ಲಿ ಮಗು?' ಎಂದಳು. ಮಗುವನ್ನು ತಟ್ಟೆಯಲ್ಲಿ ಕೂರಿಸಿದೆವು. ನಾನು ಹೆದರಿದ ಹಾಗೇ ಆಯಿತು, ಐದು ಕಿಲೋ ಬಟ್ಟನ್ನು ಎತ್ತಿದವಳೇ ತಿರುಗಿಸಿ ಅಡಿ ನೋಡಿದಳು. ಹೆಬ್ಬೆರಳಿನಿಂದ ಉಜ್ಜಿಯೂ ನೋಡಿದಳು. ನಾನು ಮೆಟ್ಟಿಲಿನ ಕಂಬ ಹಿಡಿದು ನಿಂತಿದ್ದೆ. ಅಡಿಯಲ್ಲಿ ನನ್ನ ಮೇಣವೂ ಇಲ್ಲ, ಕಪ್ಪು ಬಣ್ಣವೂ ಇಲ್ಲ. ನುಣ್ಣನೆಯ ಸೀಸ, ಸುತ್ತಲೂ ಸಣ್ಣ ಸುತ್ತಿಗೆಯ ಗುರುತು. ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ಬಟ್ಟು ಇಟ್ಟಳು, ಚಿಕ್ಕ ಬಟ್ಟುಗಳನ್ನೂ ಸೇರಿಸಿದಳು, ಮುಳ್ಳು ನಿಂತಿತು. 'ಏರಿದೆ ಅಪ್ಪಾ' ಎಂದಳು. ಊಟ ಮಾಡಿ ಸಂಜೆಯ ಬಸ್ಸಿಗೆ ಹೊರಟಳು, ಒಬ್ಬಳೇ. ಮಾವ ಸೀಸ ತುಂಬಿ ಬಟ್ಟು ಸರಿಮಾಡಿದ್ದಾರೆ, ಮಗು ನಿಜವಾಗಿಯೇ ಏರಿದ್ದಾಳೆ ಎಂದು ನನಗೆ ಕುಣಿಯುವಷ್ಟು ಖುಷಿಯಾಯಿತು. ಅವಳನ್ನು ಬಸ್ಸಿಗೆ ಹತ್ತಿಸಲು ಎಲ್ಲರೂ ಹೋದಾಗ ಕೆಳಗಿಳಿದು ಆ ಬಟ್ಟನ್ನು ಇನ್ನೊಂದು ಐದು ಕಿಲೋ ಬಟ್ಟಿನ ಎದುರು ಇಟ್ಟು ನೋಡಿದೆ. ಅಕ್ಕಾ, ಅದು ಹಗುರವಾಗಿಯೇ ಇದೆ. ಅಡಿಯನ್ನು ತಟ್ಟಿ ನೋಡಿದರೆ ಮೇಲೆ ಮಾತ್ರ ಸೀಸದ ತೆಳು ಪೊರೆ, ಒಳಗೆ ಟೊಳ್ಳು. ಜೀವಮಾನದಲ್ಲಿ ಒಂದು ಗುಲಗಂಜಿಯಷ್ಟು ತೂಕ ತಪ್ಪದ ಮನುಷ್ಯ! ನೀನು ಯಾವ ಕಾಗದವನ್ನೂ ಬರೆಯಬೇಡ. ಮಾವ ಈಗ ತಾನೇ ವಾಪಸು ಬಂದರು. ಮಗು ಅವರ ಹೆಗಲ ಮೇಲೆ ಕೂತು ಬಿಸ್ಕತ್ತು ಕಚ್ಚುತ್ತಿತ್ತು, ಅವರ ತಲೆಯ ತುಂಬ ಪುಡಿ. ಮೆಟ್ಟಿಲು ಹತ್ತುವಾಗ ನನ್ನ ಕಡೆ ನೋಡದೆ, ಅಂಗಡಿಯ ಕೆಲಸ ಕಲಿಸುವ ದನಿಯಲ್ಲಿ ಅಂದರು: 'ಮೇಣ ಹಾಕ್ಬಾರ್ದಮ್ಮ, ಸೆಕೆಗೆ ಕರಗತ್ತೆ.'